ಬಂಧವೆಂಬ ಮೊದಲ ಅತಿಚಾರ: ಗಿಂಡಿಯ ಪಂಜರಗಳೂ ಶ್ರಾವಕನ ಲೆಕ್ಕವೂ

ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲಿ ತೀರ್ಥಂಕರರ ಲಾಂಛನಗಳೂ ಸೇರಿವೆ. ವೃಷಭನಾಥರಿಗೆ ಎತ್ತು, ಅಜಿತನಾಥರಿಗೆ ಆನೆ, ಅಭಿನಂದನರಿಗೆ ಕೋತಿ, ಪುಷ್ಪದಂತರಿಗೆ ಮೊಸಳೆ, ಶಾಂತಿನಾಥರಿಗೆ ಜಿಂಕೆ, ಮುನಿಸುವ್ರತರಿಗೆ ಆಮೆ, ಪಾರ್ಶ್ವನಾಥರಿಗೆ ಸರ್ಪ, ಮಹಾವೀರರಿಗೆ ಸಿಂಹ. ಚೆನ್ನೈನಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬದ ಮಗುವೊಂದು ಈ ಲಾಂಛನಗಳಲ್ಲಿ ಹಲವನ್ನು ಜೀವಂತವಾಗಿ ಕಾಣಬೇಕಾದರೆ ಅತ್ಯಂತ ಹತ್ತಿರದ, ಅತ್ಯಂತ ಅಗ್ಗದ ತಾಣ ಗಿಂಡಿ. ಅಲ್ಲಿಯ ಮಕ್ಕಳ ಉದ್ಯಾನದಲ್ಲಿ ಜಿಂಕೆ, ಕೋತಿ, ಹಕ್ಕಿಗಳಿವೆ. ಪಕ್ಕದ ಹಾವುಗಳ ಉದ್ಯಾನದಲ್ಲಿ ಸರ್ಪ, ಆಮೆ, ಮೊಸಳೆಗಳಿವೆ. ರಜಾದಿನದ ಬೆಳಿಗ್ಗೆ ದರ್ಶನ ಮುಗಿಸಿ, ಬುತ್ತಿ ಕಟ್ಟಿಕೊಂಡು, ಸೂರ್ಯಾಸ್ತದೊಳಗೆ ಮನೆ ಸೇರುವಂತೆ ಹೋಗಿಬರಬಹುದಾದ ನಿರುಪದ್ರವಿ ವಿಹಾರವೆಂದೇ ಅದನ್ನು ಎಲ್ಲರೂ ಭಾವಿಸಿದ್ದಾರೆ.

ಈ ಭಾವನೆಯನ್ನು ಪ್ರಶ್ನಿಸುವ ಕಾಲ ಬಂದಿದೆ. ಮೊಟ್ಟೆಯ ಅಂಶವಿದೆಯೇ ಎಂದು ಬಿಸ್ಕತ್ತಿನ ಪೊಟ್ಟಣದ ಸಣ್ಣ ಅಕ್ಷರಗಳನ್ನು ಓದುವ, ಗೆಡ್ಡೆ ತಿನ್ನದ, ನೀರನ್ನು ಸೋಸಿ ಕುಡಿಯುವ ಶ್ರಾವಕ ಕುಟುಂಬವು ಮೃಗಾಲಯದ ಟಿಕೆಟ್ ಕೊಳ್ಳುವಾಗ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ಏಕೇಂದ್ರಿಯ ಜೀವದ ಬಗ್ಗೆ ಅಷ್ಟು ಎಚ್ಚರವಿರುವಲ್ಲಿ ಮನಸ್ಸುಳ್ಳ ಪಂಚೇಂದ್ರಿಯ ಜೀವದ ಸೆರೆಯ ಬಗ್ಗೆ ಇಷ್ಟು ನಿರಾತಂಕವಾಗಿರುವುದು ಆಚಾರದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವೇ ಸರಿ.

ಗಿಂಡಿಯ ಹಿನ್ನೆಲೆ

ಭಾರತದಲ್ಲಿ ಸಾರ್ವಜನಿಕ ಮೃಗಾಲಯದ ಕಥೆ ಆರಂಭವಾಗುವುದೇ ಮದ್ರಾಸಿನಲ್ಲಿ. 1855ರಲ್ಲಿ ಎಡ್ವರ್ಡ್ ಬಾಲ್ಫೋರ್ ಎಂಬ ಸ್ಕಾಟಿಷ್ ವೈದ್ಯನು ಎಗ್ಮೋರಿನ ವಸ್ತುಸಂಗ್ರಹಾಲಯದ ಆವರಣದಲ್ಲಿ ಪ್ರಾಣಿಗಳನ್ನು ಕೂಡಿಹಾಕಿ ಪ್ರದರ್ಶಿಸಿದನು. ಕಲ್ಲು, ಮೂಳೆ, ನಾಣ್ಯಗಳನ್ನು ನೋಡಲು ಬಾರದ ಜನ ಜೀವಂತ ಪ್ರಾಣಿಯನ್ನು ನೋಡಲು ಗುಂಪುಗೂಡಿದರು. ಮುಂದಿನ ದಶಕದಲ್ಲಿ ಆ ಸಂಗ್ರಹವು ಸೆಂಟ್ರಲ್ ರೈಲು ನಿಲ್ದಾಣದ ಬಳಿಯ ಪೀಪಲ್ಸ್ ಪಾರ್ಕಿಗೆ ಸ್ಥಳಾಂತರಗೊಂಡು, ಒಂದು ಶತಮಾನಕ್ಕೂ ಹೆಚ್ಚು ಕಾಲ ಕಿರಿದಾದ ಪಂಜರಗಳಲ್ಲಿಯೇ ಉಳಿಯಿತು. 1985ರಲ್ಲಿ ವಂಡಲೂರಿನ ವಿಶಾಲ ಕುರುಚಲು ಕಾಡಿನಲ್ಲಿ ಅರಿಜ್ಞರ್ ಅಣ್ಣಾ ಮೃಗಾಲಯ ತೆರೆದ ಮೇಲಷ್ಟೇ ನಗರದ ಪ್ರಾಣಿಗಳಿಗೆ ಸ್ವಲ್ಪ ನೆಲ ದೊರೆಯಿತು.

ಗಿಂಡಿಯ ಚರಿತ್ರೆ ಬೇರೆ ಬಗೆಯದು. ಗವರ್ನರರ ನಿವಾಸಕ್ಕೆ ಅಂಟಿಕೊಂಡಿದ್ದ ಕಾಡು ಕಾಲಕ್ರಮೇಣ ಕರಗುತ್ತ ಬಂದು, ಐಐಟಿಗೂ ಸ್ಮಾರಕಗಳಿಗೂ ಭಾಗಗಳನ್ನು ಕೊಟ್ಟು, ಉಳಿದ ಸುಮಾರು 2.7 ಚದರ ಕಿಲೋಮೀಟರ್ ಪ್ರದೇಶವು 1970ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಗರದ ನಡುವೆ ಕೃಷ್ಣಮೃಗಗಳೂ ಚುಕ್ಕೆಜಿಂಕೆಗಳೂ ಬೇಲಿಯ ಒಳಗಾದರೂ ತಮ್ಮಿಷ್ಟದಂತೆ ಅಲೆದಾಡುವ ಅಪರೂಪದ ನೆಲವದು. ಅದರ ಅಂಚಿನಲ್ಲಿಯೇ ತಮಿಳುನಾಡು ಅರಣ್ಯ ಇಲಾಖೆಯು ನಡೆಸುವ ಮಕ್ಕಳ ಉದ್ಯಾನವಿದೆ. ಇಪ್ಪತ್ತು ಎಕರೆಯ ಆಸುಪಾಸಿನ ಪುಟ್ಟ ಮೃಗಾಲಯ. 2024ರಲ್ಲಿ ಕೋಟಿಗಟ್ಟಲೆ ರೂಪಾಯಿ ವೆಚ್ಚದ ನವೀಕರಣದ ನಂತರ ಅದು ಹೊಸ ರೂಪದಲ್ಲಿ ಮತ್ತೆ ತೆರೆಯಿತು. ಪಕ್ಕದ ಹಾವುಗಳ ಉದ್ಯಾನವನ್ನು ರೋಮುಲಸ್ ವಿಟೇಕರ್ 1972ರಲ್ಲಿ ಅಲ್ಲಿಗೆ ತಂದರು; ಅದೀಗ ಒಂದು ಟ್ರಸ್ಟಿನ ಆಡಳಿತದಲ್ಲಿದೆ.

ಒಂದೇ ರಸ್ತೆಯ ಬದಿಯಲ್ಲಿ ಎರಡು ದೃಶ್ಯಗಳು ಕಾಣುತ್ತವೆ. ಗೋಡೆಯ ಆಚೆ, ಜಿಂಕೆ ತಾನು ಬಯಸಿದ ಮರದ ನೆರಳಿಗೆ ನಡೆದುಹೋಗುತ್ತದೆ. ಗೋಡೆಯ ಈಚೆ, ಅದೇ ಜಾತಿಯ ಜಿಂಕೆ ಪ್ರೇಕ್ಷಕನ ಕಣ್ಣಳತೆಗೆ ತಕ್ಕ ಅಂಗಳದಲ್ಲಿ ನಿಂತಿರುತ್ತದೆ. ಎರಡಕ್ಕೂ ಮೇವುಂಟು, ನೀರುಂಟು. ಈಚೆಯ ಜಿಂಕೆಗೆ ವೈದ್ಯನೂ ಉಂಟು. ಹಾಗಾದರೆ ಕೊರತೆ ಏನು ಎಂದು ಕೇಳುವವರಿಗೆ ಜೈನ ಶಾಸ್ತ್ರದಲ್ಲಿ ಅತ್ಯಂತ ನಿಖರವಾದ ಉತ್ತರವಿದೆ.

ಬಂಧದ ವ್ಯಾಖ್ಯೆ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ. ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿದ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು ಇವೆಲ್ಲವೂ ಆ ಪಟ್ಟಿಯಲ್ಲಿವೆ. ಆದರೆ ಪಟ್ಟಿ ಆರಂಭವಾಗುವುದು ಬಂಧದಿಂದ. ಕನ್ನಡ ನಾಡಿನೊಡನೆ ನಿಕಟ ಸಂಬಂಧವಿದ್ದ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಬಂಧಕ್ಕೆ ಕೊಟ್ಟ ಅರ್ಥವು ಹಗ್ಗಕ್ಕೂ ಸರಪಳಿಗೂ ಸೀಮಿತವಾಗಿಲ್ಲ. ಜೀವಿಯು ತನಗೆ ಬೇಕಾದೆಡೆಗೆ ಹೋಗುವುದನ್ನು ತಡೆಯುವ ಯಾವುದೇ ಕಾರಣವೂ ಅವರ ದೃಷ್ಟಿಯಲ್ಲಿ ಬಂಧವೇ. ಪಂಜರ, ಕಂದಕ, ಗಾಜಿನ ಗೋಡೆ, ವಿದ್ಯುತ್ ಬೇಲಿ ಎಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಮೇವು ಹಾಕಿದ ಮಾತ್ರಕ್ಕೆ ಬಂಧದ ದೋಷ ತೀರುವುದಿಲ್ಲ. ಏಕೆಂದರೆ ಅನ್ನಪಾನನಿರೋಧವು ಬೇರೆಯೇ ಬಾಬ್ತು, ಬಂಧವು ಬೇರೆಯೇ ಬಾಬ್ತು. ಒಂದು ಖಾತೆಯ ಜಮೆಯಿಂದ ಇನ್ನೊಂದು ಖಾತೆಯ ಬಾಕಿ ತೀರದು.

ಆಧುನಿಕ ಜಗತ್ತು ಇದೇ ಸ್ಥಳಕ್ಕೆ ಬಹಳ ತಡವಾಗಿ ಬಂದಿತು. 1965ರಲ್ಲಿ ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯು ಸಾಕುಪ್ರಾಣಿಗಳ ಸ್ಥಿತಿಗತಿಯ ಬಗ್ಗೆ ಕೊಟ್ಟ ವರದಿಯಿಂದ ಐದು ಸ್ವಾತಂತ್ರ್ಯಗಳೆಂಬ ಮಾನದಂಡ ರೂಪುಗೊಂಡಿತು. ಹಸಿವು ಬಾಯಾರಿಕೆಗಳಿಂದ, ಅನನುಕೂಲದಿಂದ, ನೋವು ರೋಗಗಳಿಂದ, ಭಯ ಸಂಕಟಗಳಿಂದ ಮುಕ್ತಿ, ಜೊತೆಗೆ ಸಹಜ ಸ್ವಭಾವದಂತೆ ವರ್ತಿಸುವ ಸ್ವಾತಂತ್ರ್ಯ. 2014ರ ಮೇ 7ರಂದು ಭಾರತದ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ ಈ ಐದನ್ನೂ ಪ್ರಾಣಿಗಳ ಹಕ್ಕುಗಳೆಂಬಂತೆ ಎತ್ತಿಹಿಡಿಯಿತು. ಐದು ಅತಿಚಾರಗಳನ್ನೂ ಐದು ಸ್ವಾತಂತ್ರ್ಯಗಳನ್ನೂ ಎದುರುಬದುರು ಇಟ್ಟು ನೋಡಿದರೆ, ಒಳ್ಳೆಯ ಮೃಗಾಲಯವು ಆಹಾರ, ಔಷಧ, ನೆರಳುಗಳ ಬಾಬ್ತಿನಲ್ಲಿ ತೇರ್ಗಡೆಯಾಗಬಹುದು. ಸಹಜ ವರ್ತನೆಯ ಬಾಬ್ತಿನಲ್ಲಿ ಮಾತ್ರ ಸಣ್ಣ ಮೃಗಾಲಯವು ತನ್ನ ರಚನೆಯ ಕಾರಣದಿಂದಲೇ ಅನುತ್ತೀರ್ಣವಾಗುತ್ತದೆ. ಸಿಬ್ಬಂದಿಯ ಕರುಣೆಯಾಗಲಿ ವೈದ್ಯರ ಕೌಶಲವಾಗಲಿ ಇಪ್ಪತ್ತು ಎಕರೆಯನ್ನು ಇನ್ನೂರು ಎಕರೆ ಮಾಡಲಾರದು.

ಇದು ಬರಿಯ ತತ್ತ್ವದ ಮಾತೂ ಅಲ್ಲ. ಆಕ್ಸ್‌ಫರ್ಡಿನ ರೋಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ 2003ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು, ಕಾಡಿನಲ್ಲಿ ದೂರ ದೂರ ಅಲೆಯುವ ಮಾಂಸಾಹಾರಿ ಪ್ರಾಣಿಗಳೇ ಸೆರೆಯಲ್ಲಿ ಹೆಚ್ಚು ನರಳುತ್ತವೆ ಎಂದು ತೋರಿಸಿತು. ಅವು ಒಂದೇ ಜಾಡಿನಲ್ಲಿ ಹಿಂದೆ ಮುಂದೆ ನಡೆಯುತ್ತಲೇ ಇರುತ್ತವೆ. ಅವುಗಳ ಮರಿಗಳ ಸಾವೂ ಹೆಚ್ಚು. ಪಂಜರದ ಸರಳಿನಗುಂಟ ನೆಲ ಸವೆದು ಬಿದ್ದ ದಾರಿಯನ್ನು ಕಂಡವರಿಗೆ ಬೇರೆ ಪುರಾವೆ ಬೇಕಿಲ್ಲ. ಮಕ್ಕಳು ಅದನ್ನು ಪ್ರಾಣಿಯ ಉತ್ಸಾಹವೆಂದು ತಿಳಿದು ಚಪ್ಪಾಳೆ ತಟ್ಟುತ್ತಾರೆ; ತಿಳಿಸಿ ಹೇಳಬೇಕಾದ ಹಿರಿಯರು ಸುಮ್ಮನಿರುತ್ತಾರೆ.

ಟಿಕೆಟ್ ಕೊಂಡವನು ಪ್ರಾಣಿಯನ್ನು ಬಂಧಿಸಿಲ್ಲವಲ್ಲ ಎಂಬ ಸಮಾಧಾನವೂ ನಿಲ್ಲದು. ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದಲೂ ಕರ್ಮಾಸ್ರವವಾಗುತ್ತದೆಂದು ಪ್ರತಿ ಶ್ರಾವಕನೂ ಬಲ್ಲ. ಪ್ರವೇಶ ಶುಲ್ಕವು ಅನುಮೋದನೆಯ ಲಿಖಿತ ರಸೀದಿ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳನ್ನು ವಿವರಿಸುವಾಗ, ಹಣಕ್ಕಾಗಿ ಗಿಳಿ, ಗೊರವಂಕ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಸಾಕುವುದನ್ನೂ ಸೇರಿಸಿದ್ದಾರೆ. ಹನ್ನೆರಡನೆಯ ಶತಮಾನದ ಆ ಪಟ್ಟಿಯನ್ನು ಇಂದಿನ ಯಾವ ಸಣ್ಣ ಮೃಗಾಲಯದ ದಾಸ್ತಾನು ಪುಸ್ತಕದ ಪಕ್ಕದಲ್ಲಿಟ್ಟರೂ ಕೆಲವು ಸಾಲುಗಳು ತಾಳೆಯಾಗುತ್ತವೆ.

ಕನ್ನಡ ಜೈನ ಪರಂಪರೆಗೆ ಈ ಮಾತು ಹೊಸದಲ್ಲ. ವಿವಾಹದ ಔತಣಕ್ಕೆಂದು ಕೂಡಿಹಾಕಿದ್ದ ಮೃಗಗಳ ಕೂಗು ಕಿವಿಗೆ ಬಿದ್ದಾಗ ನೇಮಿನಾಥ ಸ್ವಾಮಿಯು ಮದುವೆಯ ಮೆರವಣಿಗೆಯಿಂದಲೇ ವಿಮುಖನಾದನು. ಜನ್ನನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನು ನವಿಲಾಗಿಯೂ ಅವನ ತಾಯಿ ನಾಯಾಗಿಯೂ ಹುಟ್ಟಿ, ಕಾಣಿಕೆಯ ರೂಪದಲ್ಲಿ ಸ್ವಂತ ಅರಮನೆಗೇ ಬಂದು ಸೇರುತ್ತಾರೆ. ನಿನ್ನೆ ಆಳಿದ ಮನೆಯಲ್ಲಿ ಇಂದು ನೋಟದ ವಸ್ತುವಾಗಿರುವ ಆ ನವಿಲಿನ ಕಣ್ಣಿನಿಂದ ಪಂಜರವನ್ನು ನೋಡಲು ಕನ್ನಡದ ಓದುಗನಿಗೆ ಎಂಟುನೂರು ವರ್ಷಗಳ ಹಿಂದೆಯೇ ಕಲಿಸಲಾಗಿದೆ. ಮಹಾವೀರರ ಜೀವವು ಸಿಂಹಪರ್ಯಾಯದಲ್ಲಿದ್ದಾಗಲೇ ಚಾರಣ ಮುನಿಗಳಿಂದ ಸಮ್ಯಕ್ತ್ವದ ದಾರಿ ಕಂಡಿತೆಂದೂ, ಪಾರ್ಶ್ವನಾಥರ ಜೀವವು ಆನೆಯಾಗಿದ್ದಾಗ ವ್ರತ ಹಿಡಿಯಿತೆಂದೂ ಪುರಾಣಗಳು ಹೇಳುತ್ತವೆ. ಸಮವಸರಣದಲ್ಲಿ ತಿರ್ಯಂಚರಿಗೂ ಒಂದು ಕೋಷ್ಠವಿದೆ. ಅಲ್ಲಿಗೆ ಅವು ತಾವಾಗಿ ಬರುತ್ತವೆ. ಅವುಗಳನ್ನು ಯಾರೂ ತಂದು ಕೂಡಿಹಾಕಿದ್ದಲ್ಲ.

ಮೃಗಾಲಯದ ಸಮರ್ಥನೆ

ಎದುರು ಪಕ್ಷದ ವಾದವನ್ನು ನ್ಯಾಯವಾಗಿ ಕೇಳಬೇಕು. ಮೃಗಾಲಯದ ಪರವಾಗಿ ಸಾಮಾನ್ಯವಾಗಿ ಮೂರು ಮಾತುಗಳು ಬರುತ್ತವೆ: ಸಂರಕ್ಷಣೆ, ಆಶ್ರಯ, ಶಿಕ್ಷಣ.

ಸಂರಕ್ಷಣೆಯ ಮಾತಿನಲ್ಲಿ ತೂಕವಿದೆ. ಮಹಾಬಲಿಪುರದ ದಾರಿಯಲ್ಲಿರುವ ಮದ್ರಾಸ್ ಮೊಸಳೆ ಕೇಂದ್ರವು 1976ರಲ್ಲಿ ಆರಂಭವಾದಾಗ ಭಾರತದ ಮೊಸಳೆಗಳು ವಿನಾಶದ ಅಂಚಿನಲ್ಲಿದ್ದವು. ಅವುಗಳ ಉಳಿವಿಗೆ ಆ ಸಂಸ್ಥೆಯ ಕೊಡುಗೆ ಚರಿತ್ರಾರ್ಹ. ಆದರೆ ಅದೇ ಸಂಸ್ಥೆಯ ಮುಂದಿನ ಅನುಭವವು ಇನ್ನೊಂದು ಪಾಠ ಕಲಿಸುತ್ತದೆ. ಕಾಡಿಗೆ ಬಿಡುವ ಅವಕಾಶ ಮುಚ್ಚಿದ ಮೇಲೆ ಮೊಸಳೆಗಳ ಸಂಖ್ಯೆ ಮಿತಿಮೀರಿತು. ಕೊನೆಗೆ ಸುಮಾರು 1,000 ಮೊಸಳೆಗಳನ್ನು ಗುಜರಾತಿನ ಜಾಮನಗರದ ಖಾಸಗಿ ಮೃಗಾಲಯಕ್ಕೆ ಕಳುಹಿಸಲು ಅನುಮತಿ ಪಡೆಯಬೇಕಾಯಿತು, ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಮದ್ರಾಸ್ ಹೈಕೋರ್ಟ್ 2022ರಲ್ಲಿ ವಜಾಗೊಳಿಸಿತು. ಕಾಡಿಗೆ ಮರಳುವ ದಾರಿಯಿಲ್ಲದ ಸಂತಾನವೃದ್ಧಿಯು ಸಂರಕ್ಷಣೆಯಾಗದು. ಅದು ದಾಸ್ತಾನಿನ ಹೆಚ್ಚಳವಷ್ಟೇ. ಗಿಂಡಿಯಂಥ ಸಣ್ಣ ಮೃಗಾಲಯದಲ್ಲಿ ಸಾಮಾನ್ಯ ಜಾತಿಯ ಜಿಂಕೆ, ಗಿಳಿ, ಕೋತಿಗಳ ಪ್ರದರ್ಶನಕ್ಕೆ ಈ ಸಮರ್ಥನೆ ಅನ್ವಯಿಸುವುದೇ ಇಲ್ಲ.

ಆಶ್ರಯದ ಮಾತು ಇನ್ನೂ ಗಟ್ಟಿಯಾದುದು. ಕಳ್ಳಸಾಗಣೆಯಿಂದ ಬಿಡಿಸಿದ ಹಕ್ಕಿ, ಕಾಲು ಮುರಿದ ಕೋತಿ, ತಾಯಿಯಿಲ್ಲದ ಮರಿ ಎಲ್ಲಿಗೆ ಹೋಗಬೇಕು? ಅಂಥ ಜೀವಿಗೆ ಗೋಡೆಯೇ ರಕ್ಷಣೆ. ಇದನ್ನು ಪಾಂಜರಪೋಳಗಳನ್ನು ಕಟ್ಟಿದ ಸಮಾಜವು ಅಲ್ಲಗಳೆಯಲಾರದು. ದೆಹಲಿಯ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿಯೂ ಪಂಜರಗಳಿವೆ. ಆದರೆ ಅಲ್ಲಿ ಪಂಜರದ ಗುರಿ ಬಿಡುಗಡೆ. ಗುಣವಾದ ಹಕ್ಕಿ ಆಕಾಶಕ್ಕೆ ಮರಳುತ್ತದೆ. ಚಿಕಿತ್ಸೆಗಾಗಿ ಕೂಡಿಸುವುದು ಬೇರೆ, ಪ್ರದರ್ಶನಕ್ಕಾಗಿ ಕೂಡಿಸುವುದು ಬೇರೆ. ಒಂದೇ ಆವರಣದಲ್ಲಿ ಎರಡೂ ನಡೆದಾಗ ಯಾವ ಪ್ರಾಣಿ ಯಾವ ಕಾರಣಕ್ಕೆ ಅಲ್ಲಿದೆ ಎಂಬುದನ್ನು ಪ್ರತಿ ಆವರಣದ ಮುಂದೆ ಬರೆದು ತೋರಿಸಬೇಕಾದ ಹೊಣೆ ಸಂಸ್ಥೆಯದು.

ಶಿಕ್ಷಣದ ಮಾತು ಅತ್ಯಂತ ದುರ್ಬಲ. ಸೆರೆಯಲ್ಲಿರುವ ಕೋತಿಯು ಮಗುವಿಗೆ ಕೋತಿಯ ಬದುಕನ್ನು ಕಲಿಸಲಾರದು. ಸೆರೆ ಸಹಜವೆಂಬುದನ್ನು ಮಾತ್ರ ಕಲಿಸುತ್ತದೆ. ಆನೆಯ ವಿಷಯದಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರವೇ 2009ರಲ್ಲಿ ಇದನ್ನು ಒಪ್ಪಿಕೊಂಡು, ಮೃಗಾಲಯಗಳಲ್ಲಿನ ಆನೆಗಳನ್ನು ಅರಣ್ಯ ಶಿಬಿರಗಳಿಗೆ ಸಾಗಿಸಬೇಕೆಂದು ಸೂಚಿಸಿತು. ಸರ್ಕಸ್ಸಿನ ಹುಲಿ, ಸಿಂಹ, ಕರಡಿ, ಚಿರತೆ, ಕೋತಿಗಳ ಪ್ರದರ್ಶನವನ್ನು ನಿಷೇಧಿಸಿದ 1998ರ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಮಾನ್ಯ ಮಾಡಿತು. ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರವು 2016ರಲ್ಲಿ ತನ್ನ ಹಳೆಯ ಮೃಗಾಲಯವನ್ನು ಮುಚ್ಚಿ ಪರಿಸರ ಉದ್ಯಾನವಾಗಿ ಮಾರ್ಪಡಿಸತೊಡಗಿತು. ಕೋಸ್ಟರಿಕಾ ದೇಶವು 2024ರಲ್ಲಿ ಸರ್ಕಾರಿ ಮೃಗಾಲಯಗಳ ಬಾಗಿಲನ್ನೇ ಹಾಕಿತು. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಸಮಾಜವು ಈ ವಿಷಯದಲ್ಲಿ ಅವರ ಹಿಂದೆ ನಡೆಯುವ ಸ್ಥಿತಿ ಬಂದಿರುವುದು ಶೋಭೆಯಲ್ಲ.

ಚೆನ್ನೈ ನಗರಕ್ಕಂತೂ ಇದರಲ್ಲಿ ವಿಶೇಷ ಪರಂಪರೆಯಿದೆ. ಕಲಾಕ್ಷೇತ್ರದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯೇ 1960ರ ಪ್ರಾಣಿಹಿಂಸಾ ತಡೆ ಕಾಯ್ದೆಗೆ ಮೂಲವಾಯಿತು. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯೂ ಅವರೇ. ಮಂಡಳಿಯು ದಶಕಗಳ ಕಾಲ ಚೆನ್ನೈಯಿಂದಲೇ ಕೆಲಸ ಮಾಡಿತು. ಆ ಕಾಯ್ದೆಯ 11ನೆಯ ಕಲಮು, ಪ್ರಾಣಿಯು ಸಾಕಷ್ಟು ಅಲುಗಾಡಲು ಎತ್ತರ, ಉದ್ದ, ಅಗಲಗಳಿಲ್ಲದ ಪಂಜರದಲ್ಲಿ ಅದನ್ನು ಇಡುವುದೇ ಕ್ರೌರ್ಯವೆಂದು ಹೇಳುತ್ತದೆ. ಪೂಜ್ಯಪಾದರು ಹೇಳಿದ ಬಂಧದ ದೋಷವು ಭಾರತದ ಶಾಸನಪುಸ್ತಕದೊಳಗೆ ಬಂದದ್ದು ಈ ನಗರದ ಮಹಿಳೆಯೊಬ್ಬರ ಪ್ರಯತ್ನದಿಂದ.

ಸಮಾಜದ ಸ್ವಂತ ಖಾತೆ

ಸರ್ಕಾರದ ಮೃಗಾಲಯವನ್ನು ಪ್ರಶ್ನಿಸುವ ಮೊದಲು ಸಮಾಜವು ತನ್ನ ಖಾತೆಯನ್ನು ತೆರೆದಿಡಬೇಕು. ಇಲ್ಲವಾದರೆ ಪ್ರಶ್ನೆಗೆ ನೈತಿಕ ಬಲವಿರದು.

2025ರ ಜುಲೈ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನ ಮಠದ ಆನೆ ಮಹಾದೇವಿ, ಜನರ ಬಾಯಲ್ಲಿ ಮಾಧುರಿ, ನ್ಯಾಯಾಲಯದ ಆದೇಶದಂತೆ ಜಾಮನಗರದ ವನತಾರಾಕ್ಕೆ ಸಾಗಿತು. ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ಆ ಸೀಮೆಯ ಜೈನರ ದುಃಖ ನಿಜವಾದುದು. ಮೂರು ದಶಕಗಳಿಗೂ ಹೆಚ್ಚು ಕಾಲ ಆ ಆನೆ ಅವರ ಉತ್ಸವಗಳ ಭಾಗವಾಗಿತ್ತು. ಬೀದಿಯಲ್ಲಿ ಮೆರವಣಿಗೆಗಳಾದವು, ಒಂದು ದೂರವಾಣಿ ಸಂಸ್ಥೆಯ ಬಹಿಷ್ಕಾರಕ್ಕೂ ಕರೆ ಬಂದಿತು. ಉದ್ಯಮಿಯೊಬ್ಬರ ಕುಟುಂಬದ ಸಂಸ್ಥೆಗೆ ದೇಶದ ಪ್ರಾಣಿಗಳೆಲ್ಲ ಹರಿದುಹೋಗುವುದರ ಬಗ್ಗೆ ಕೇಳಬೇಕಾದ ರಾಜಕೀಯ ಪ್ರಶ್ನೆಗಳೂ ಇವೆ. ಆದರೆ ಆ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಕೇಳಿಸಲೇ ಇಲ್ಲ: ಹಿಂಡಿನಲ್ಲಿ ಬದುಕುವ ಪ್ರಾಣಿಯನ್ನು ಹಿಂಡಿಲ್ಲದೆ, ಅಂಕುಶದ ಭಯದಲ್ಲಿ, ಮೆರವಣಿಗೆಗಾಗಿ ಇಟ್ಟುಕೊಳ್ಳಲು ಅಹಿಂಸಾಧರ್ಮದಲ್ಲಿ ಆಧಾರವೆಲ್ಲಿದೆ? ಬಾಂಬೆ ಹೈಕೋರ್ಟು ಮನುಷ್ಯನ ಧಾರ್ಮಿಕ ಬಳಕೆಗಿಂತ ಆನೆಯ ಒಳ್ಳೆಯ ಬದುಕಿನ ಹಕ್ಕು ದೊಡ್ಡದೆಂದು ತೂಗಿತು. ಆ ಮಾತನ್ನು ನ್ಯಾಯಾಧೀಶರು ಹೇಳುವ ಮೊದಲೇ ಸಮಾಜದ ವೇದಿಕೆಗಳಿಂದ ಹೇಳಬೇಕಾಗಿತ್ತು. ಅಜಿತನಾಥರ ಪೀಠದಲ್ಲಿ ಕೆತ್ತಿದ ಆನೆಗೆ ಸರಪಳಿಯಿಲ್ಲ.

ಎರಡನೆಯ ಬಾಬ್ತು ಹಕ್ಕಿಗಳನ್ನು ಕೊಂಡು ಬಿಡುವ ಪದ್ಧತಿ. ಪರ್ವದ ದಿನಗಳಲ್ಲಿ ಪಂಜರದ ಹಕ್ಕಿಗಳನ್ನು ಹಣ ಕೊಟ್ಟು ಬಿಡಿಸಿ ಅಭಯದಾನದ ಪುಣ್ಯ ಪಡೆಯುವ ವಾಡಿಕೆ ಹಲವೆಡೆ ಇದೆ. ಭಾವನೆ ಶುಭ್ರವಾದುದು, ಲೆಕ್ಕ ಮಾತ್ರ ತಪ್ಪು. ಕೊಳ್ಳುವವನಿದ್ದಾನೆಂದು ತಿಳಿದ ಬೇಟೆಗಾರನು ಪರ್ವಕ್ಕೆ ಮುಂಚೆಯೇ ಬಲೆ ಬೀಸುತ್ತಾನೆ. ಬಲೆಯಲ್ಲಿ, ಸಾಗಣೆಯಲ್ಲಿ, ಪಂಜರದ ಇಕ್ಕಟ್ಟಿನಲ್ಲಿ ಸತ್ತ ಹಕ್ಕಿಗಳು ದಾನಿಯ ಕಣ್ಣಿಗೆ ಬೀಳುವುದಿಲ್ಲ. ಭಾರತದ ಕಾಡುಹಕ್ಕಿಗಳ ವ್ಯಾಪಾರವು 1990ರ ದಶಕದ ಆರಂಭದಿಂದಲೇ ಅಪರಾಧ. ಗಿಣಿ, ಮುನಿಯಾಗಳನ್ನು ಕೊಂಡು ಬಿಟ್ಟ ಪುಣ್ಯವಂತನು ಅಪರಾಧದ ಗ್ರಾಹಕನೂ ಆಗಿರುತ್ತಾನೆ. ಮಾರಾಟ ಕಂಡಲ್ಲಿ ಅರಣ್ಯ ಇಲಾಖೆಗೆ ತಿಳಿಸುವುದೇ ಇಂದಿನ ಅಭಯದಾನ.

ಮೂರನೆಯದು ಆಹಾರ ಹಾಕುವ ಚಪಲ. ಪ್ರಾಣಿಗೆ ತಿನ್ನಿಸುವುದು ದಯೆಯೆಂದು ಬಗೆದು ಮೃಗಾಲಯದಲ್ಲಿ ಬಿಸ್ಕತ್ತು, ಹಣ್ಣು, ಪೊಟ್ಟಣಗಳನ್ನು ಎಸೆಯುವವರಿದ್ದಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮು ಮೃಗಾಲಯದ ಪ್ರಾಣಿಯನ್ನು ಕೆಣಕುವುದನ್ನೂ, ಗದ್ದಲದಿಂದ ಕಾಡುವುದನ್ನೂ, ಅದಕ್ಕೆ ಆಹಾರ ಹಾಕುವುದನ್ನೂ ಒಂದೇ ಸಾಲಿನಲ್ಲಿ ನಿಷೇಧಿಸಿದೆ. ಗಿಂಡಿಯ ನೆರೆಯಲ್ಲಿರುವ ಐಐಟಿ ಆವರಣದಲ್ಲಿ ಪ್ಲಾಸ್ಟಿಕ್ ತಿಂದು ಜಿಂಕೆಗಳು ಸತ್ತ ವರದಿಗಳು ಹಲವು ಬಾರಿ ಬಂದಿವೆ.

ಆಗಬೇಕಾದುದು

ಮೃಗಾಲಯಕ್ಕೆ ಹೋಗದಿರುವುದೇ ಪರಿಹಾರವೆಂದು ಕೆಲವರು ಹೇಳಬಹುದು. ಹೋಗದಿದ್ದರೆ ಶ್ರಾವಕನ ಕೈ ಶುಭ್ರವಾಗಬಹುದು. ಒಳಗಿರುವ ಪ್ರಾಣಿಯ ಸ್ಥಿತಿ ಕೂದಲಷ್ಟೂ ಬದಲಾಗದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಪಶುಪಾಲನೆಯ ವಿಷಯದಲ್ಲಿ ಮೂರು ಮೆಟ್ಟಿಲುಗಳನ್ನು ತೋರಿಸಿದ್ದಾರೆ. ಪಶುಗಳಿಂದ ಜೀವನ ನಡೆಸುವುದನ್ನೇ ಬಿಡುವುದು ಉತ್ತಮ. ಇಟ್ಟುಕೊಂಡರೂ ಕಟ್ಟಿಹಾಕದಿರುವುದು ಮಧ್ಯಮ. ಕಟ್ಟಲೇಬೇಕಾದರೆ ನಿರ್ದಯೆಯಿಂದ ಕಟ್ಟದಿರುವುದು ಕನಿಷ್ಠ. ಗಿಂಡಿಗೂ ಈ ಮೂರು ಮೆಟ್ಟಿಲುಗಳು ಸಾಕು.

ಕನಿಷ್ಠವಾದುದು ಇಂದೇ ಸಾಧ್ಯ. ಮಾನ್ಯತೆ ಪಡೆದ ಪ್ರತಿ ಮೃಗಾಲಯವೂ ಪ್ರತಿ ವರ್ಷ ಪ್ರಾಣಿಗಳ ದಾಸ್ತಾನು ಪಟ್ಟಿಯನ್ನು ಕೇಂದ್ರ ಮೃಗಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಆರಂಭದ ಸಂಖ್ಯೆ, ಜನನ, ಹೊರಗಿನಿಂದ ಬಂದವು, ಹೊರಗೆ ಹೋದವು, ಮರಣ, ಕೊನೆಯ ಸಂಖ್ಯೆ. ವ್ಯಾಪಾರಿ ಮನೆತನಗಳಿಗೆ ಹುಟ್ಟಿನಿಂದ ಪರಿಚಿತವಾದ ನಮೂನೆಯೇ ಅದು. ಅರಣ್ಯ ಇಲಾಖೆಯ ಸಂಸ್ಥೆಗೆ ಮಾಹಿತಿ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ಕಳೆದ ಐದು ವರ್ಷಗಳ ಪಟ್ಟಿಯನ್ನೂ ಮಾನ್ಯತೆಯ ಆದೇಶದಲ್ಲಿ ವಿಧಿಸಿದ ಷರತ್ತುಗಳನ್ನೂ ಹತ್ತು ರೂಪಾಯಿಯ ಅರ್ಜಿಯಿಂದ ಪಡೆಯಬಹುದು. ಮರಣದ ಕಲಮನ್ನು ಜನನದ ಕಲಮಿನೊಡನೆ ತಾಳೆ ನೋಡುವುದು ಯಾವ ಬಸದಿ ಸಮಿತಿಯ ಕೋಶಾಧಿಕಾರಿಗೂ ಅರ್ಧ ದಿನದ ಕೆಲಸ. ಸಾವು ಹೆಚ್ಚಿದ್ದಲ್ಲಿ ಕಾರಣ ಕೇಳುವುದು, ಷರತ್ತು ಪಾಲನೆಯಾಗದಿದ್ದಲ್ಲಿ ಪ್ರಾಧಿಕಾರಕ್ಕೆ ಬರೆಯುವುದು, ವಾರಕ್ಕೊಂದು ದಿನ ಪ್ರೇಕ್ಷಕರಿಲ್ಲದೆ ಪ್ರಾಣಿಗಳನ್ನು ವಿಶ್ರಮಿಸಲು ಬಿಡುವ ನಿಯಮವು ಹಬ್ಬದ ನೆಪದಲ್ಲಿ ಸಡಿಲವಾಗದಂತೆ ನೋಡಿಕೊಳ್ಳುವುದು ಇವು ದೊಡ್ಡ ಕ್ರಾಂತಿಯ ಕೆಲಸಗಳೇನಲ್ಲ. ಪ್ರಾಣಿಯ ಪಾಲಿಗೆ ಮಾತ್ರ ಬಹಳ ದೊಡ್ಡವು.

ಮಧ್ಯಮ ಮೆಟ್ಟಿಲಿಗೆ ಹಣ ಬೇಕು, ಹಣಕ್ಕೆ ಕಾನೂನಿನ ದಾರಿಯಿದೆ. ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯು ಸಾಮಾಜಿಕ ಹೊಣೆಗಾರಿಕೆಯ ವೆಚ್ಚದಲ್ಲಿ ಪ್ರಾಣಿ ಕಲ್ಯಾಣವನ್ನು ಹೆಸರಿಸಿಯೇ ಸೇರಿಸಿದೆ. ಚೆನ್ನೈನಲ್ಲಿ ಜೈನ ಉದ್ಯಮಿಗಳ ಕಂಪನಿಗಳಿಗೆ ಕೊರತೆಯಿಲ್ಲ. 1959ರಲ್ಲಿ ಕ್ಯಾಪ್ಟನ್ ಸುಂದರಂ ಆರಂಭಿಸಿದ ಬ್ಲೂ ಕ್ರಾಸ್ ಸಂಸ್ಥೆಯೂ ನಗರದ ಹಳೆಯ ಪಾಂಜರಪೋಳವೂ ಕಣ್ಣೆದುರಿಗೇ ಇವೆ. ಕೊಟ್ಟ ಹಣಕ್ಕೆ ಷರತ್ತು ಹಾಕಬೇಕು: ಹೊಸ ಪ್ರದರ್ಶನ ಪ್ರಾಣಿಗಳಿಗೆ ಒಂದು ಪೈಸೆಯೂ ಇಲ್ಲ, ಗಾಯಾಳುಗಳ ಚಿಕಿತ್ಸೆಗೆ, ಆವರಣಗಳ ವಿಸ್ತರಣೆಗೆ, ಪಾಲಕರ ತರಬೇತಿಗೆ ಮಾತ್ರ. ಮೃಗಾಲಯಗಳ ದತ್ತು ಯೋಜನೆಯಲ್ಲಿ ಹುಲಿ ಸಿಂಹಗಳ ಮುಂದೆ ದಾನಿಯ ನಾಮಫಲಕ ನೆಡುವ ಮೋಹವನ್ನು ಬಿಟ್ಟು, ಯಾರೂ ಕೇಳದ ಮುದಿ ಕೋತಿಯ ಹೆಸರಿಗೆ ಹಣ ಕಟ್ಟುವವನೇ ನಿಜವಾದ ದಾನಿ. ಪಂಚಕಲ್ಯಾಣದ ಒಂದು ಸವಾಲಿನಲ್ಲಿ ಏರುವ ಮೊತ್ತದ ಸಣ್ಣ ಪಾಲು ಇದಕ್ಕೆ ಸಾಕು.

ಉತ್ತಮವಾದ ಮೆಟ್ಟಿಲು ನೀತಿಯದು, ಆದ್ದರಿಂದ ರಾಜಕೀಯದ್ದು. ಸಣ್ಣ ಮೃಗಾಲಯಗಳಲ್ಲಿ ಪ್ರದರ್ಶನಕ್ಕಾಗಿ ಹೊಸ ಪ್ರಾಣಿಗಳನ್ನು ತರುವುದೂ ಸಂತಾನ ಬೆಳೆಸುವುದೂ ನಿಲ್ಲಬೇಕು. ಈಗಿರುವ ಪ್ರಾಣಿಗಳು ತಮ್ಮ ಆಯುಷ್ಯವನ್ನು ಗೌರವದಿಂದ ಕಳೆದ ಮೇಲೆ ಆ ನೆಲವು ಚಿಕಿತ್ಸಾಲಯವೂ ಪ್ರಕೃತಿ ಪಾಠಶಾಲೆಯೂ ಆಗಬೇಕು. ಗಿಂಡಿಗೆ ಇದು ಬೇರೆಲ್ಲಿಗಿಂತಲೂ ಸುಲಭ. ಗೋಡೆಯ ಆಚೆಯೇ ಕಾಡಿದೆ, ಕಾಡಿನಲ್ಲಿ ಕೃಷ್ಣಮೃಗವಿದೆ. ಪಂಜರದ ಮುಂದೆ ಹತ್ತು ನಿಮಿಷ ನಿಲ್ಲುವ ಮಗುವಿಗೆ, ಮರೆಯಲ್ಲಿ ಒಂದು ಗಂಟೆ ಮೌನವಾಗಿ ಕಾದು, ತನ್ನಿಷ್ಟಕ್ಕೆ ತಾನು ಬರುವ ಜಿಂಕೆಯನ್ನು ನೋಡುವುದನ್ನು ಕಲಿಸಬಹುದು. ಬಾರದಿದ್ದರೆ ಬಾರದು. ಬರುವುದು ಬಿಡುವುದು ಜಿಂಕೆಯ ಇಚ್ಛೆಗೆ ಸೇರಿದ್ದೆಂದು ತಿಳಿಯುವುದೇ ಆ ದಿನದ ಪಾಠ.

ಮತಕೇಳುವ ಅಭ್ಯರ್ಥಿಗಳ ಮುಂದೆ ಜೈನ ಸಮಾಜವು ಸಾಮಾನ್ಯವಾಗಿ ಇಡುವ ಬೇಡಿಕೆಗಳು ಎರಡು: ಮಹಾವೀರ ಜಯಂತಿಯಂದು ಮಾಂಸದಂಗಡಿ ಮುಚ್ಚಬೇಕು, ಅಲ್ಪಸಂಖ್ಯಾತರ ಸವಲತ್ತು ಸರಿಯಾಗಿ ತಲುಪಬೇಕು. ಒಂದು ದಿನದ ಅಂಗಡಿ ಮುಚ್ಚುವಿಕೆಯಿಂದ ಮರುದಿನದ ಲೆಕ್ಕ ಬದಲಾಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲಿ ಮೂರನೆಯ ಬೇಡಿಕೆಯನ್ನು ಬರೆಯಬಹುದು: ನಗರದ ಪ್ರತಿ ಮೃಗಾಲಯದ ಪ್ರವೇಶದ್ವಾರದಲ್ಲಿ ಆ ವರ್ಷದ ಜನನ ಮರಣಗಳ ಪಟ್ಟಿಯನ್ನು ತಮಿಳಿನಲ್ಲಿ ದೊಡ್ಡ ಅಕ್ಷರಗಳಲ್ಲಿ ತೂಗುಹಾಕಬೇಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಯಾರ ಧರ್ಮಕ್ಕೂ ಅಡ್ಡಿಯಿಲ್ಲ, ಹೆಚ್ಚಿನ ವೆಚ್ಚವೂ ಇಲ್ಲ. ಟಿಕೆಟ್ ಕೊಳ್ಳುವ ಪ್ರತಿಯೊಬ್ಬನೂ ತಾನು ಯಾವುದಕ್ಕೆ ಅನುಮೋದನೆ ಕೊಡುತ್ತಿದ್ದೇನೆಂದು ಓದಿ ತಿಳಿದು, ಬೇಕಾದರೆ ಒಳಗೆ ಹೋಗಲಿ.